ಮೇಟ್ರನ್ ಬರೆದ ಆ ಒಂದು ಪದ

ಹಾಕ್ಸ್‌ಹೇವನ್, ನಾರ್ಥಂಬರ್‌ಲ್ಯಾಂಡ್
ಭಾನುವಾರ, 4 ಅಕ್ಟೋಬರ್ 1936

ಕಥ್‌ಬರ್ಟ್,

ಲಕೋಟೆ ಮೇಲೆ ನನ್ನ ಅಕ್ಷರ ನೋಡಿದ ಕೂಡಲೇ ಯಾರು ಹೋದರಪ್ಪಾ ಅಂತ ನಿನ್ನ ಎದೆ ಧಸಕ್ ಅಂದಿರುತ್ತೆ. ಯಾರೂ ಹೋಗಿಲ್ಲ. ಒಂಬತ್ತು ವರ್ಷ ಆದ ಮೇಲೆ ನಿನ್ನಕ್ಕ ನಿನಗೆ ಕಾಗದ ಬರೀತಿರೋದು ಒಂದು ಪದದ ಅರ್ಥ ಕೇಳೋಕೆ. ಎಡಿನ್‌ಬರೋದಲ್ಲಿ ಕೂತು ನಿಘಂಟು ಬರೆಯೋ ತಮ್ಮ ಇರುವಾಗ ಬೇರೆ ಯಾರನ್ನ ಕೇಳಲಿ?

ನನ್ನ ಮಗಳು ಫೀಬಿಗೆ ಕ್ಷಯ. ನಿನಗೆ ಗೊತ್ತಿರಲಿಕ್ಕಿಲ್ಲ, ಹೇಳೋರು ಯಾರು? ನೀನು ಕೊನೇ ಸಲ ನೋಡಿದಾಗ ಒಂಬತ್ತು ವರ್ಷದ ಹುಡುಗಿ, ಈಗ ಹದಿನೆಂಟು. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಕೆಮ್ಮಿದಾಗ ಕರವಸ್ತ್ರದಲ್ಲಿ ರಕ್ತ. ಜೂನ್‌ನಲ್ಲಿ ಅವಳಪ್ಪ ನೆಡ್ ಅವಳನ್ನ ಚೆವಿಯಟ್ ಬೆಟ್ಟದ ಬುಡದಲ್ಲಿರೋ ಬ್ರೆಕನ್‌ಹೋಪ್ ಆರೋಗ್ಯಧಾಮಕ್ಕೆ ಸೇರಿಸಿ ಬಂದ. ನಾನಿನ್ನೂ ಹೋಗಿಲ್ಲ. ಚಿಕ್ಕವಳಿದ್ದಾಗ ನನಗೆ ಎದೆ ಕಾಯಿಲೆ ಆಗಿತ್ತಲ್ಲ, ಅಂಥವರು ಆ ವಾರ್ಡಿಗೆ ಕಾಲಿಡಬಾರದು ಅಂತ ಡಾಕ್ಟರ್ ನೆಡ್‌ಗೆ ಹೇಳಿದ್ದಾರಂತೆ. ಹಾಗಾಗಿ ಅವನೊಬ್ಬನೇ ಹೋಗಿ ನೋಡಿಕೊಂಡು ಬರ್ತಾನೆ. ಬಂದು ಏನೂ ಹೇಳಲ್ಲ. 'ಚೆನ್ನಾಗಿದ್ದಾಳೆ, ಹಾಲು ಕುಡೀತಾಳೆ' ಅಂತಾನೆ. ಅವಳು ಬರೆಯೋ ಕಾರ್ಡಿನಲ್ಲೂ ಎರಡೇ ಸಾಲು. ಬೆಟ್ಟ ಕಾಣುತ್ತೆ, ಕುರಿ ಕಾಣುತ್ತೆ.

ಹದಿನೈದು ದಿನಕ್ಕೊಮ್ಮೆ ಅಲ್ಲಿನ ನರ್ಸುಗಳ ಮುಖ್ಯಸ್ಥೆ, ಮೇಟ್ರನ್ ಮಿಸ್ ಲಿಡೆಲ್ ಒಂದು ಕಾಗದ ಹಾಕ್ತಾಳೆ. ಮೊನ್ನೆ ಬಂದದ್ದನ್ನ ಹಾಗೇ ಇಳಿಸ್ತೀನಿ: 'ಫೀಬಿ ಈ ಹದಿನೈದು ದಿನ ಸರ್ಪ್ರೈಸಿಂಗ್ಲಿ ಚೆನ್ನಾಗಿದ್ದಾಳೆ.' ಅಷ್ಟೇ. ಕೆಳಗೆ ರುಜು.

ಹುಟ್ಟಿದಾಗಿನಿಂದ ಆಡಿಕೊಂಡು ಬಂದಿರೋ ಭಾಷೆ, ಆದ್ರೂ ಆ ಪದ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ. ಚಾಪೆಲ್‌ನ ಪಾದ್ರಿಗಳನ್ನ ಕೇಳಿದೆ. 'ದೇವರ ಕೃಪೆ ಯಾವಾಗಲೂ ಅಚ್ಚರಿಯೇ ಅಲ್ಲವೇನಮ್ಮಾ' ಅಂದ್ರು. ಪಕ್ಕದ ಮನೆ ಮಾರ್ಗರಿಯನ್ನ ಕೇಳಿದೆ. 'ನಮ್ಮತ್ತೆ ಒಂದ್ಸಲ, ಮಾರ್ಗರಿ, ನಿನ್ನ ರೊಟ್ಟಿ ಸರ್ಪ್ರೈಸಿಂಗ್ಲಿ ಮೆತ್ತಗಿದೆ ಅಂದಿದ್ಲು ಕಣೇ. ಇಪ್ಪತ್ತು ವರ್ಷ ಆಯ್ತು, ಇನ್ನೂ ಅವಳ ಗೋರಿ ಮೇಲೆ ಒಂದು ಹೂ ಇಟ್ಟಿಲ್ಲ ನಾನು' ಅಂದ್ಲು. ನಕ್ಕೆ. ಮನೆಗೆ ಬಂದ ಮೇಲೆ ನಗು ನಿಂತುಹೋಯ್ತು. ಅತ್ತೆ ಹಾಗಂದಿದ್ದು ರೊಟ್ಟಿ ಗಟ್ಟಿಯಾಗಿರುತ್ತೆ ಅಂದುಕೊಂಡಿದ್ದಕ್ಕೆ ತಾನೆ? ಹಾಗಾದ್ರೆ ಮೇಟ್ರನ್ ಏನು ಅಂದುಕೊಂಡಿದ್ಲು?

ನೆಡ್‌ಗೆ ಓದಿ ಹೇಳಿದೆ. 'ಚೆನ್ನಾಗಿದ್ದಾಳೆ ಅಂತ ಬರೆದಿದೆಯಲ್ಲ, ಇನ್ನೇನು ಬೇಕು ನಿನಗೆ?' ಅಂತ ತಟ್ಟೇಲಿ ಅರ್ಧ ಊಟ ಬಿಟ್ಟು ಏಡಿ ಹಿಡಿಯೋ ಬುಟ್ಟಿ ಸರಿಮಾಡೋಕೆ ಹೊರಟೇಹೋದ. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವನು ಊಟ ಬಿಟ್ಟು ಎದ್ದಿದ್ದು ನಾನು ಕಂಡಿಲ್ಲ.

ಉತ್ತರ ಬರೆದ್ರೆ ಬರಿ. ಇಲ್ಲದಿದ್ರೆ ಬೇಡ.

ವಿನಿಫ್ರೆಡ್ ಸ್ಟಾಂಟನ್

* * *

ಎಡಿನ್‌ಬರೋ
8 ಅಕ್ಟೋಬರ್ 1936

ಪ್ರಿಯ ವಿನಿಫ್ರೆಡ್,

ನಿನ್ನ ಕಾಗದ ತಲುಪಿತು. ಫೀಬಿಯ ವಿಷಯ ತಿಳಿದು ವಿಷಾದವಾಯಿತು.

ನೀನು ಕೇಳಿದ ಪದದ ಟಿಪ್ಪಣಿಯನ್ನು ನಮ್ಮ ನಿಘಂಟಿಗೆ ಬರೆದವನು ನಾನೇ. ಎಸ್ ಅಕ್ಷರದ ಕೆಲಸ ಕಳೆದ ವರ್ಷ ಮುಗಿಯಿತು, ಈಗ ಟಿ ನಡೆಯುತ್ತಿದೆ. ಅಲ್ಲಿ ಕೊಟ್ಟಿರುವ ಅರ್ಥ ಹೀಗಿದೆ: 'ಅಚ್ಚರಿಯಾಗುವ ರೀತಿಯಲ್ಲಿ, ಅಚ್ಚರಿಯಾಗುವಷ್ಟು ಮಟ್ಟಿಗೆ.' ಪದ ಬರುವ ಜಾಗವನ್ನು ನೋಡಿಕೊಳ್ಳಬೇಕು. ಗುಣ ಹೇಳುವ ಪದಕ್ಕೆ ಅಂಟಿಕೊಂಡು ಬಂದರೆ ಆ ಗುಣ ಎಷ್ಟಿದೆ ಎಂಬುದಕ್ಕೆ ಸಂಬಂಧಿಸಿದ್ದು. ವಾಕ್ಯದ ಮೊದಲಿಗೇ ಬಂದು, ಮುಂದೆ ಅಲ್ಪವಿರಾಮ ಇದ್ದರೆ, ಇಡೀ ಸಂಗತಿಗೇ ಸಂಬಂಧಿಸಿದ್ದು. ಮೇಟ್ರನ್ ಬಳಸಿರುವುದು ಮೊದಲನೆಯ ರೀತಿ. ಆದ್ದರಿಂದ 'ಬಹಳವೇ ಚೆನ್ನಾಗಿದ್ದಾಳೆ' ಎಂದು ಓದಿಕೊಂಡರೆ ತಪ್ಪಾಗಲಾರದು.

ಆಕೆ ಬೇಗ ಗುಣಹೊಂದಲೆಂದು ಹಾರೈಸುತ್ತೇನೆ.

ಕಥ್‌ಬರ್ಟ್ ರೆನ್ನರ್

* * *

ಹಾಕ್ಸ್‌ಹೇವನ್
20 ಅಕ್ಟೋಬರ್ 1936

ಕಥ್‌ಬರ್ಟ್,

ಅಲ್ಪವಿರಾಮ ಹುಡುಕು ಅಂದೆ. ಹುಡುಕಿದೆ. ನಿನ್ನೆ ಬಂದ ಕಾಗದದಲ್ಲಿ ಸಿಕ್ತು. 'ಸರ್ಪ್ರೈಸಿಂಗ್ಲಿ, ಫೀಬಿಯ ತೂಕ ಎರಡು ಪೌಂಡ್ ಏರಿದೆ.' ಪದ ಮೊದಲಿಗೇ ಇದೆ, ಪಕ್ಕದಲ್ಲಿ ನಿನ್ನ ಅಲ್ಪವಿರಾಮ ಬಾಲ ಬಿಟ್ಟುಕೊಂಡು ಕೂತಿದೆ. ಇಡೀ ಸಂಗತಿಗೇ ಸಂಬಂಧಿಸಿದ್ದು ಅಂದೆಯಲ್ಲ, ಯಾವ ಇಡೀ ಸಂಗತಿ? ಬೆಳಿಗ್ಗೆ ಗಂಜಿ, ಮೊಟ್ಟೆ, ದಿನಕ್ಕೆ ಮೂರು ಸಲ ಹಾಲು ಕುಡಿಯೋ ಹುಡುಗಿ ಎರಡು ಪೌಂಡ್ ಏರಿದ್ರೆ ಅದರಲ್ಲಿ ಆಶ್ಚರ್ಯಪಡೋಕೆ ಏನಿದೆ?

ನಿನ್ನ ಕಾಗದ ಎಷ್ಟು ನೀಟಾಗಿತ್ತು ಅಂದ್ರೆ ಇಸ್ತ್ರಿ ಮಾಡಿದ ಹಾಗಿತ್ತು. ನನ್ನ ಮಗಳ ಬಗ್ಗೆ ಕೇಳಿದ್ರೆ ಪದದ ಬಗ್ಗೆ ಹೇಳ್ತೀಯ. ನೀನು ಹಾಗೇ. ನಾನೂ ಮೂರ್ಖಳು, ಪದದ ಬಗ್ಗೆ ಕೇಳಿದ ಹಾಗೆ ನಟಿಸಿ ಮಗಳ ಬಗ್ಗೆ ಕೇಳಿದೆ.

ಅವಳಿಗೆ ಚಳಿಗಾಲಕ್ಕೆ ಅಂತ ನೀಲಿ ಉಣ್ಣೆ ಅಂಗಿ ಹೆಣೀತಿದೀನಿ. ಅಲ್ಲಿ ಹಿಮ ಬಿದ್ರೂ ರೋಗಿಗಳನ್ನ ತೆರೆದ ಜಗುಲಿ ಮೇಲೇ ಮಲಗಿಸ್ತಾರಂತೆ. ಸಂಜೆ ಹೊತ್ತು ನೆಡ್ ಎದುರಿಗೆ ಕೂತು ಎರಡು ಕೈಗೂ ಉಣ್ಣೆ ಲಡಿ ಹಾಕಿಕೊಂಡು ಹಿಡಿದಿರ್ತಾನೆ, ನಾನು ಉಂಡೆ ಸುತ್ತುತ್ತೀನಿ. ನಿನ್ನೆ, 'ತೋಳು ಇನ್ನೊಂದು ಇಂಚು ಉದ್ದ ಇರಲಾ, ಬೆಳೀತಾಳಲ್ಲ?' ಅಂತ ಕೇಳಿದೆ. ಅವನ ಕೈಯಿಂದ ಲಡಿ ಜಾರಿ ಉಣ್ಣೆಯೆಲ್ಲ ಸಿಕ್ಕಾಯ್ತು. 'ಚಳಿ' ಅಂದ. ಒಲೆ ಪಕ್ಕದಲ್ಲೇ ಕೂತಿದ್ದ ಕಣೋ.

ನನಗೆ ಏನೋ ಆಗ್ತಿದೆ. ಅಂಚೆಯವನ ಸೈಕಲ್ ಗಂಟೆ ಕೇಳಿದ್ರೆ ಕೈಲಿದ್ದ ಪಾತ್ರೆ ಬೀಳುತ್ತೆ.

ವಿನಿ

* * *

ಎಡಿನ್‌ಬರೋ
24 ಅಕ್ಟೋಬರ್ 1936

ಅಕ್ಕಾ,

ನಿನ್ನ ಕಾಗದವನ್ನ ಎರಡು ದಿನ ಜೇಬಲ್ಲಿಟ್ಟುಕೊಂಡು ತಿರುಗಿದೆ. ಮೊದಲ ಕಾಗದಕ್ಕೆ ನಾನು ಬರೆದ ಉತ್ತರ ನೆನೆಸಿಕೊಂಡ್ರೆ ನಾಚಿಕೆ ಆಗುತ್ತೆ. ಆ ಉತ್ತರ ಬರೆಯುವಾಗಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೀಲಿಲ್ಲ. ಈಗ ಬರೀತೀನಿ.

ಆ ಪದ ಫೀಬಿಯ ಬಗ್ಗೆ ಹೇಳೋದು ಕಮ್ಮಿ. ಬರೆದವರ ಮನಸ್ಸಿನ ಬಗ್ಗೆಯೇ ಅದು ಹೇಳೋದೆಲ್ಲ. 'ಇವತ್ತು ಮಳೆ ಬಂತು' ಅಂದ್ರೆ ಮಳೆ ಬಂತು ಅಷ್ಟೆ. 'ಸರ್ಪ್ರೈಸಿಂಗ್ಲಿ ಮಳೆ ಬಂತು' ಅಂದ್ರೆ, ಬರಲ್ಲ ಅಂತ ನಾನು ಮೊದಲೇ ಎಣಿಸಿಕೊಂಡಿದ್ದೆ ಅಂತ. ಇನ್ನೂ ಒಂದು ಇದೆ. ಹೀಗೆ ಬರೆಯುವವರು, ಓದುವವರೂ ತಮ್ಮ ಹಾಗೇ ಎಣಿಸಿದ್ದಾರೆ ಅಂತ ನಂಬಿರ್ತಾರೆ. ಇಲ್ಲದಿದ್ರೆ ಆ ಪದ ಒಂಟಿಯಾಗಿ ನಿಂತುಬಿಡುತ್ತೆ, ನಿನ್ನ ಗಂಟಲಲ್ಲಿ ನಿಂತ ಹಾಗೆ. ಮೇಟ್ರನ್ ಏನೋ ಒಂದು ವಿಷಯ ನಿನಗೆ ಗೊತ್ತಿದೆ ಅಂದುಕೊಂಡೇ ನಿನಗೆ ಬರೀತಿದ್ದಾಳೆ. ಆ ವಿಷಯ ನಿನಗೆ ಯಾರೂ ಹೇಳಿಲ್ಲ.

ಅದು ಏನು ಅಂತ ನನಗೆ ಗೊತ್ತಿಲ್ಲ. ಊಹೆ ಮಾಡಲ್ಲ. ನನಗೆ ಬೇಕಾದ ಹಾಗೆ ಓದಿಕೊಂಡು ಒಂದು ಸಲ ಕೆಟ್ಟಿದೀನಿ. ಒಂಬತ್ತು ವರ್ಷದ ಕೆಳಗೆ ನೀನು ಬರೆದ ಸಾಲು ನನಗೆ ಬಾಯಿಪಾಠ ಇದೆ: 'ಅಮ್ಮ ಪರವಾಗಿಲ್ಲ, ನೀನು ಅವಸರ ಮಾಡಿ ಬರೋದು ಬೇಡ.' ಪದಗಳನ್ನ ತೂಗೋದೇ ಕಸುಬಾಗಿರೋ ನಾನು ಅದನ್ನ ಹಾಗೇ ನಂಬಿದೆ. ನಂಬೋದು ನನಗೆ ಅನುಕೂಲವಾಗಿತ್ತು. ಹೊಸ ಕೆಲಸ, ರಜೆ ಕೇಳೋಕೆ ಸಂಕೋಚ. ಐದನೇ ದಿನ ತಂತಿ ಬಂತು. ನಾನು ಸ್ಟೇಷನ್ನಿಂದ ಓಡಿ ಬಂದಾಗ ನೀನು ಬಾಗಿಲಲ್ಲಿ ನಿಂತು ಹೇಳಿದ ಮಾತೂ ಬಾಯಿಪಾಠ ಇದೆ.

ಆರೋಗ್ಯಧಾಮದಲ್ಲಿ ತಿಂಗಳ ಮೊದಲ ಶನಿವಾರ ಭೇಟಿ ಇರುತ್ತಂತೆ, ವಿಚಾರಿಸಿದೆ. ನವೆಂಬರ್ ಏಳಕ್ಕೆ ನಾನು ಹೋಗಲಾ? ಬೇಡ ಅಂದ್ರೆ ಹೋಗಲ್ಲ.

ಕಥ್‌ಬರ್ಟ್

* * *

ಹಾಕ್ಸ್‌ಹೇವನ್
27 ಅಕ್ಟೋಬರ್ 1936

ಹೋಗು.

ಅವತ್ತು ಬಾಗಿಲಲ್ಲಿ 'ಗೋರಿ ನೋಡೋಕೆ ಬಂದ್ಯಾ, ಆ ಕಡೆ ಇದೆ' ಅಂದೆ. ಅದನ್ನ ಈಗ ವಾಪಸ್ ತಗೊಳ್ಳೋಕೆ ಆಗಲ್ಲ, ಆದ್ರೆ ಇದನ್ನ ಕೇಳು. 'ಪರವಾಗಿಲ್ಲ' ಅಂತ ಬರೆಸಿದ್ದು ಅಮ್ಮ. ಹಾಸಿಗೆಯಲ್ಲಿ ಕೂತು, 'ಅವನಿಗೆ ಹೊಸ ಕೆಲಸ, ಹೆದರಿಸಬೇಡ, ಪರವಾಗಿಲ್ಲ ಅಂತ ಬರಿ' ಅಂದ್ಲು. ಬರೆದೆ. ಬರೆದ ಕೈ ನಂದು ಅನ್ನೋ ಸಿಟ್ಟನ್ನ ನಿನ್ನ ಮೇಲೆ ತೀರಿಸಿಕೊಂಡೆ. ಇದನ್ನ ಬರೆಯೋಕೆ ಒಂಬತ್ತು ವರ್ಷ ಬೇಕಾಯ್ತು.

ನೆಡ್‌ಗೆ ಹೇಳಿಲ್ಲ. ನೀನು ಅಲ್ಲಿ ಕಂಡದ್ದನ್ನ ಕಂಡ ಹಾಗೇ ಬರಿ. ಸಕ್ಕರೆ ಸುತ್ತಬೇಡ. ಸುತ್ತಿದ್ರೆ ನನಗೆ ಗೊತ್ತಾಗುತ್ತೆ.

ವಿನಿ

* * *

ಬ್ರೆಕನ್‌ಹೋಪ್ ಹಳ್ಳಿ
ಶನಿವಾರ, 7 ನವೆಂಬರ್ 1936

ಅಕ್ಕಾ,

ಹಳ್ಳಿಯ ಹೋಟೆಲಿನಲ್ಲಿ ಕೂತು ಬರೀತಿದೀನಿ. ಸಂಜೆ ಅಂಚೆ ಹೋಗೋಕೆ ಇನ್ನೂ ಒಂದು ಗಂಟೆ ಇದೆ. ಬರೀಬೇಕೋ ಬೇಡವೋ ಅಂತ ಬೆಟ್ಟದಿಂದ ಇಳಿದು ಬರುವಾಗ ದಾರಿಯುದ್ದಕ್ಕೂ ಜಗಳ ಆಡಿಕೊಂಡು ಬಂದೆ, ನನ್ನ ಜೊತೆ ನಾನೇ.

ಮೊದಲು ಅವಳ ಬಗ್ಗೆ. ಜಗುಲಿಯ ಸಾಲಿನಲ್ಲಿ ಏಳನೇ ಮಂಚ. ಕೆಂಪು ಕಂಬಳಿ ಹೊದ್ದು, ಉಣ್ಣೆ ಟೋಪಿ ಹಾಕಿಕೊಂಡು ಒರಗಿ ಕೂತಿದ್ಲು. ತೆಳ್ಳಗಾಗಿದ್ದಾಳೆ, ಮಣಿಕಟ್ಟು ನನ್ನ ಎರಡು ಬೆರಳಿಗೆ ಸಿಗುತ್ತೆ. ಆದ್ರೆ ಕಣ್ಣು ನಮ್ಮಮ್ಮನದೇ. ಹೆಸರು ಹೇಳಿದ ಕೂಡಲೇ, 'ಓಹೋ, ಕಡ್ಡಿ ಮಾವ ಅಂದ್ರೆ ನೀವೇನಾ? ನಿಮ್ಮ ಹೆಸರು ಎತ್ತಿದ್ರೆ ಸಾಕು, ಅಮ್ಮ ಪಾತ್ರೆ ಜೋರಾಗಿ ತೊಳೆಯೋಕೆ ಶುರುಮಾಡ್ತಾಳೆ' ಅಂದ್ಲು. ನಗುವಾಗ ಕೆಮ್ಮು ಬಂತು. ಕೆಮ್ಮು ನಿಲ್ಲೋವರೆಗೆ ಆ ಕಡೆ ತಿರುಗಿ ಕುರಿ ನೋಡಿ ಅಂದ್ಲು. ನೋಡಿದೆ.

ಆಮೇಲೆ ಕೇಳಿದ್ಲು, 'ಅಮ್ಮ ಯಾಕೆ ಬರಲ್ಲ ಮಾವ?'

'ಚಿಕ್ಕಂದಿನಲ್ಲಿ ಎದೆ ಕಾಯಿಲೆ ಆಗಿತ್ತಲ್ಲ, ಡಾಕ್ಟರು ಬೇಡ ಅಂದಿದ್ದಾರಂತೆ' ಅಂದೆ.

'ಯಾವ ಡಾಕ್ಟರು?' ಅಂದ್ಲು. ಪಕ್ಕದ ಮಂಚದ ಹುಡುಗಿಯ ತಾಯಿ ಅಲ್ಲೇ ಕೂತಿದ್ಲು. ಆಕೆಗೂ ಒಂದು ಕಾಲದಲ್ಲಿ ಇದೇ ಕಾಯಿಲೆ ಇತ್ತಂತೆ. ಪ್ರತಿ ತಿಂಗಳು ಬರ್ತಾಳಂತೆ.

ಮೇಟ್ರನ್ ಕೋಣೆಗೆ ಹೋದೆ. ಮಿಸ್ ಲಿಡೆಲ್ ಕೆಟ್ಟ ಹೆಂಗಸಲ್ಲ. ಎತ್ತರದ, ದಣಿದ ಹೆಂಗಸು. ಅಂಥ ನಿಯಮ ಇಲ್ಲಿಲ್ಲ ಅಂದ್ಲು. ಆ ಪದದ ಬಗ್ಗೆ ಕೇಳಿದೆ. ಅವಳು ಕನ್ನಡಕ ತೆಗೆದಿಟ್ಟು ನನ್ನನ್ನೇ ನೋಡಿದ್ಲು.

'ತಾಯಿಗೆ ಗೊತ್ತಿಲ್ಲವೇ?' ಅಂದ್ಲು. 'ಮಿಸ್ಟರ್ ಸ್ಟಾಂಟನ್ ತಾವೇ ಹೇಳ್ತೀನಿ, ನೀವು ಬರೀಬೇಡಿ ಅಂದಿದ್ರಲ್ಲ. ನಾನು ಐದು ತಿಂಗಳಿಂದ ಗೊತ್ತಿದೆ ಅಂದುಕೊಂಡೇ ಬರೀತಿದೀನಿ.'

ಅಕ್ಕಾ, ಕೂತುಕೋ. ಜೂನ್‌ನಲ್ಲಿ ಸೇರಿಸಿದ ದಿನವೇ ಡಾಕ್ಟರು ನೆಡ್‌ನ ಒಳಗೆ ಕರೆದು, ಎರಡು ಶ್ವಾಸಕೋಶಕ್ಕೂ ತಗಲಿದೆ, ಎರಡು ತಿಂಗಳು, ಹೆಚ್ಚು ಅಂದ್ರೆ ಮೂರು ಅಂತ ಹೇಳಿದ್ದಾರೆ. ಈಗ ಐದಾಯಿತು. ಅವಳು ತಿಂತಾಳೆ, ತೂಕ ಏರಿದೆ, ಜ್ವರ ಇಳಿದಿದೆ. ಎಡಗಡೆಯ ಕಲೆ ಒಣಗ್ತಿದೆ ಅಂತ ಅವರಿಗೇ ನಂಬೋಕಾಗ್ತಿಲ್ಲ. ಮೇಟ್ರನ್ ನಿಜಕ್ಕೂ ಆಶ್ಚರ್ಯಪಟ್ಟೇ ಆ ಪದ ಬರೆದದ್ದು. ನಿನಗೆ ಸಂತೋಷ ಆಗಲಿ ಅಂತ ಬರೆದದ್ದು.

ಗುಣ ಆಗ್ತಾಳಾ ಅಂತ ಕೇಳಿದೆ. 'ಗೊತ್ತಿಲ್ಲ' ಅಂದ್ಲು. ಬಲಗಡೆ ಇನ್ನೂ ಕೆಟ್ಟದಾಗಿದೆ. ಚಳಿಗಾಲ ಕಳೀಬೇಕು. ಇಷ್ಟೇ ನನಗೆ ಗೊತ್ತಿರೋದು. ಏನೂ ಸುತ್ತಿಲ್ಲ.

ಬಾ ಅಕ್ಕಾ. ತಡ ಮಾಡಬೇಡ.

ನಿನ್ನ
ಕಡ್ಡಿ

* * *

ಹಾಕ್ಸ್‌ಹೇವನ್
15 ನವೆಂಬರ್

ಕಥ್‌ಬರ್ಟ್,

ನಾನು ಕಾಗದ ಬರೆಯೋ ಆಸಾಮಿ ಅಲ್ಲ. ತಪ್ಪಿದ್ರೆ ನೀನು ತಿದ್ದಿಕೋ, ಅದೇ ತಾನೆ ನಿನ್ನ ಕೆಲಸ.

ಸೋಮವಾರ ನಾನು ದೋಣಿ ದಡಕ್ಕೆ ಎಳೆದು ಮನೆಗೆ ಬಂದೆ. ಅವಳು ನಿನ್ನ ಕಾಗದ ಹಿಡಕೊಂಡು ನಿಂತಿದ್ಲು. ಕೂಗಾಡ್ತಾಳೆ ಅಂದ್ಕೊಂಡೆ. ಕೂಗಾಡ್ಲಿಲ್ಲ. 'ಜೂನ್‌ನಿಂದಾನಾ?' ಅಂದ್ಲು. ಹೂಂ ಅಂದೆ. 'ಹೆರಿಂಗ್ ಮೀನು ಹಿಡಿಯೋ ಕಾಲ ಪೂರ್ತಿ?' ಅಂದ್ಲು. ಹೂಂ ಅಂದೆ. 'ನಾನು ತೋಳು ಉದ್ದ ಇರಲಾ ಅಂತ ಕೇಳಿದಾಗ್ಲೂ?' ಅಂದ್ಲು. ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದ್ಲು, ಟೋಪಿ ಹಾಕ್ಕೊಂಡ್ಲು, ಹೆಣೆದಿದ್ದನ್ನ ಚೀಲಕ್ಕೆ ತುರುಕಿದ್ಲು. 'ನಾನು ಹೇಳೋವರ್ಗೂ ನೀನು ಅಲ್ಲಿಗೆ ಬರಕೂಡದು' ಅಂದ್ಲು. ಮಾರ್ಗರಿ ಮನೆ ಗಾಡೀಲಿ ಸ್ಟೇಷನ್‌ಗೆ ಹೋದ್ಲು. ತಿರುಗಿ ನೋಡ್ಲಿಲ್ಲ.

ನಿನ್ನ ಮೇಲೆ ನಂಗೆ ಸಿಟ್ಟಿಲ್ಲ. ಮೂರು ದಿನ ಇತ್ತು. ಈಗಿಲ್ಲ.

ಎದೆ ಕಾಯಿಲೆ ಕಥೆ ನಾನೇ ಕಟ್ಟಿದ್ದು. ಅವಳು ಅಲ್ಲಿಗೆ ಹೋದ್ರೆ ನರ್ಸುಗಳ ಮುಖ ನೋಡಿಯೇ ತಿಳಕೋತಾಳೆ, ಅವಳಂಥ ಹೆಂಗಸು. ಡಾಕ್ಟರು ಹೇಳಿದ ದಿನ ಮನೆಗೆ ಬಂದು ಹೇಳಬೇಕು ಅಂತಲೇ ಇದ್ದೆ. ಬಂದ್ರೆ ಅವಳು ಫೀಬಿ ಹಾಸಿಗೆಗೆ ಹೊಸ ದುಪ್ಪಟಿ ಹಾಕ್ತಿದ್ಲು, ಕ್ರಿಸ್‌ಮಸ್‌ಗೆ ಬರ್ತಾಳೆ ಅಂತ. ಇವತ್ತು ಬೇಡ, ನಾಳೆ ಅಂದ್ಕೊಂಡೆ. ಆಮೇಲೆ ನಾಳೆ ನಾಳೆ ಅಂತಲೇ ಆಗೋಯ್ತು. ನಾನು ಬಾಯಿ ಬಿಡೋವರ್ಗೂ ನಮ್ಮನೇಲಿ ಯಾರಿಗೂ ಏನೂ ಆಗಿಲ್ಲ ಅನ್ನೋ ಹಾಗಿತ್ತು. ಸಮುದ್ರದಲ್ಲೂ ನಾವು ಹಂಗೇ, ಅಪಶಕುನ ಅಂತ ಕೆಲವು ಹೆಸರನ್ನ ದೋಣಿ ಮೇಲೆ ಎತ್ತಲ್ಲ.

ಪ್ರತಿ ಸಲ ಅಂಚೆ ಬಂದಾಗ ಇದೇ ಆ ಕಾಗದ ಅಂತ ನಾನೂ ಕಾಯ್ತಿದ್ದೆ. ಅವಳೊಬ್ಬಳೇ ಅಲ್ಲ.

ಅಲ್ಲಿಂದ ಏನಾದ್ರೂ ಸುದ್ದಿ ಬಂದ್ರೆ ನಂಗೊಂದು ಸಾಲು ಹಾಕು. ಅವಳು ಹಾಕಲ್ಲ.

ಎಡ್ವರ್ಡ್ (ನೆಡ್) ಸ್ಟಾಂಟನ್

* * *

ಬ್ರೆಕನ್‌ಹೋಪ್
ಭಾನುವಾರ, 10 ಜನವರಿ 1937

ಕಡ್ಡೀ,

ಇಷ್ಟು ದಿನ ಬರೀಲಿಲ್ಲ ಅಂತ ಬೈಕೋಬೇಡ. ಇಲ್ಲೇ ಆರೋಗ್ಯಧಾಮದ ಬಟ್ಟೆ ಒಗೆಯೋ ಮನೆಯಲ್ಲಿ ಕೆಲಸಕ್ಕೆ ಸೇರಿಕೊಂಡಿದೀನಿ. ಮೇಟ್ರನ್ನೇ ಕೊಡಿಸಿದ್ಲು. ಮೊದಲ ದಿನ ಅವಳ ಮೇಲೆ ರೇಗಬೇಕು ಅಂತ ಹೋದೆ. ಅವಳು ಎದ್ದು ನಿಂತು, 'ನಾನು ಬೇರೆ ಪದ ಬರೀಬೇಕಿತ್ತು' ಅಂದ್ಲು. ರೇಗೋಕೆ ಏನೂ ಉಳೀಲಿಲ್ಲ. ದಿನವೂ ಮೂರೂವರೆಗೆ ಕೈ ಒರೆಸಿಕೊಂಡು ಹೋಗಿ ಅರ್ಧ ಗಂಟೆ ಫೀಬಿ ಹತ್ರ ಕೂರ್ತೀನಿ.

ಡಿಸೆಂಬರ್ ಕೆಟ್ಟದಾಗಿತ್ತು. ಕ್ರಿಸ್‌ಮಸ್‌ಗೆ ಹತ್ತು ದಿನ ಇದೆ ಅನ್ನುವಾಗ ಮತ್ತೆ ರಕ್ತ. ಒಂದು ಬೋಗುಣಿ ತುಂಬ. ಅವಳ ಮಂಚದ ಸುತ್ತ ಪರದೆ ಎಳೆದ್ರು. ಇಲ್ಲಿ ಪರದೆ ಎಳೆದ್ರೆ ಸಾಲಿನವರೆಲ್ಲ ಗೋಡೆ ಕಡೆ ತಿರುಗಿ ಮಲಗಿಬಿಡ್ತಾರೆ. ನಾನು ಒದ್ದೆ ಬಟ್ಟೆ ಬುಟ್ಟಿ ಹಿಡಿದುಕೊಂಡು ಅಂಗಳದಲ್ಲಿ ನಿಂತೇ ಇದ್ದೆ, ಬುಟ್ಟಿ ಕೆಳಗಿಡೋಕೂ ತೋಚಲಿಲ್ಲ. ಕೈ ಮೇಲೆ ನೀರು ಹೆಪ್ಪುಗಟ್ಟಿತ್ತು.

ಆಮೇಲೆ ಡಾಕ್ಟರು ನನ್ನನ್ನೇ ಕರೆದು ಹೇಳಿದ್ರು, ನೆಡ್ ಇಲ್ಲವಲ್ಲ. ಎಡಗಡೆಯ ಶ್ವಾಸಕೋಶ ಕೆಲಸ ಮಾಡುವಷ್ಟು ಸುಧಾರಿಸಿದೆ, ಹಾಗಾಗಿ ಪಕ್ಕೆಗೆ ಸೂಜಿ ಚುಚ್ಚಿ ಗಾಳಿ ಬಿಟ್ಟು ಬಲಗಡೆಯದನ್ನ ಅದುಮಿ ಮಲಗಿಸಬಹುದು, ಅಲ್ಲಾಡದೆ ಇದ್ರೆ ಗಾಯ ಮಾಯಬಹುದು ಅಂದ್ರು. ಆಗದೆಯೂ ಇರಬಹುದು. ಸಹಿ ಹಾಕಿ ಅಂದ್ರು. ನನ್ನ ಹೆಸರೇ ತಪ್ಪು ಬರೆದೆ. ಮೂರು ಸಲ ಗಾಳಿ ಹಾಕಿದ್ದಾರೆ. ಇನ್ನೂ ಏನೂ ಹೇಳ್ತಿಲ್ಲ.

ನಿನಗೆ ಇದನ್ನ ಹೇಳಬೇಕು. ಪರದೆ ತೆಗೆದ ಮರುದಿನ ಧೈರ್ಯ ಮಾಡಿ, ಜೂನ್‌ನಲ್ಲಿ ಡಾಕ್ಟರು ಹೇಳಿದ್ದನ್ನ ಅವಳಿಗೆ ಹೇಳೋಕೆ ಹೋದೆ. ಅವಳು ನಗ್ತಾಳೆ! 'ಅದು ನಂಗೆ ಸೇರಿದ ವಾರವೇ ಗೊತ್ತಾಯ್ತು ಅಮ್ಮಾ. ಇಲ್ಲಿ ಗೋಡೆನೇ ಇಲ್ಲ, ಏನು ಮುಚ್ಚಿಡ್ತಾರೆ?' ಅಂದ್ಲು. ಜಗುಲಿ ತುದಿಯಲ್ಲಿ ಇಬ್ಬರು ನರ್ಸುಗಳು ಮಾತಾಡಿಕೊಂಡದ್ದು ಕೇಳಿಸಿತಂತೆ. 'ಮತ್ತೆ ಯಾಕೆ ಬರೀಲಿಲ್ಲ?' ಅಂದೆ. 'ನಿನಗೆ ಗೊತ್ತಿದೆ, ಗೊತ್ತಿದ್ದು ನೋಡೋಕಾಗದೆ ಬರ್ತಿಲ್ಲ ಅಂದ್ಕೊಂಡೆ. ಅದಕ್ಕೇ ಕುರಿ ಬಗ್ಗೆ ಬರೀತಿದ್ದೆ' ಅಂದ್ಲು.

ಐದು ತಿಂಗಳು ಕಡ್ಡೀ. ನನ್ನ ಮಗಳು ಅಮ್ಮ ಹೆದರಿ ಬಂದಿಲ್ಲ ಅಂದುಕೊಂಡು ಐದು ತಿಂಗಳು ಆ ಬೆಟ್ಟ ನೋಡಿಕೊಂಡು ಮಲಗಿದ್ದಾಳೆ. ಇದಕ್ಕೆ ಮಾತ್ರ ನೆಡ್‌ನ ಕ್ಷಮಿಸೋದು ಹೇಗೆ ಅಂತ ನನಗೆ ತಿಳೀತಿಲ್ಲ.

ಅವಳು ಅಪ್ಪ ಯಾಕೆ ಬರ್ತಿಲ್ಲ ಅಂತ ದಿನಾ ಕೇಳ್ತಾಳೆ. ಗಾಳಿ ಜಾಸ್ತಿ ಇದೆ, ದೋಣಿ ರಿಪೇರಿ ಇದೆ ಅಂತ ಏನೋ ಹೇಳ್ತೀನಿ. ಹೇಳುವಾಗ ನನ್ನ ದನಿ ನನಗೇ ಯಾರದೋ ಅನ್ನಿಸುತ್ತೆ.

ವಿನಿ

* * *

ಎಡಿನ್‌ಬರೋ
14 ಜನವರಿ 1937

ಅಕ್ಕಾ,

ಪ್ರತಿ ಸಲ ಗಾಳಿ ಹಾಕಿದ ಮೇಲೆ ಒಂದು ಸಾಲು ಹಾಕು. ಒಳ್ಳೆಯದಾದ್ರೂ ಸರಿ, ಕೆಟ್ಟದ್ದಾದ್ರೂ ಸರಿ.

ಸಂಪಾದಕರ ಹತ್ರ ಹೋಗಿ, ನನ್ನ ಟಿಪ್ಪಣಿಗೆ ಒಂದು ಸಾಲು ಸೇರಿಸಬೇಕು ಅಂದೆ: 'ಹೇಳುವವನು ಮೊದಲು ಬೇರೆಯದನ್ನೇ ಎಣಿಸಿದ್ದನೆಂದು ಸೂಚಿಸುತ್ತದೆ.' ಅವರು ಮೀಸೆ ತೀಡಿಕೊಂಡು, 'ರೆನ್ನರ್, ಎಸ್ ಮುಗಿದಿದೆ. ಅಚ್ಚಾಗಿದೆ. ಸತ್ತವರನ್ನ ಎಬ್ಬಿಸಬೇಡಿ' ಅಂದ್ರು. ನನ್ನ ಸ್ವಂತ ಪ್ರತಿಯಲ್ಲಿ ಅಂಚಿನಲ್ಲಿ ಬರೆದುಕೊಂಡಿದೀನಿ.

ನೆಡ್ ವಿಷಯಕ್ಕೆ ನಾನು ಬುದ್ಧಿ ಹೇಳೋ ಹಾಗಿಲ್ಲ. ಆದ್ರೆ ಅಕ್ಕಾ, ನಿನ್ನ ಕಾಗದದ ಕೊನೇ ನಾಲ್ಕು ಸಾಲನ್ನ ನೀನೇ ಇನ್ನೊಂದು ಸಲ ಓದು. ಗಾಳಿ ಜಾಸ್ತಿ, ದೋಣಿ ರಿಪೇರಿ. ಅವನೂ ಹೀಗೇ ಶುರು ಮಾಡಿದ್ದು.

ನಿನ್ನ
ಕಡ್ಡಿ

* * *

ಬ್ರೆಕನ್‌ಹೋಪ್
ಭಾನುವಾರ, 25 ಏಪ್ರಿಲ್ 1937

ನೆಡ್,

ಇದನ್ನ ಮೂರು ತಿಂಗಳಿಂದ ಬರೀತಿದೀನಿ, ಹರೀತಿದೀನಿ. ಇವತ್ತು ಅಂಚೆಗೆ ಹಾಕೇ ಹಾಕ್ತೀನಿ.

ಡಾಕ್ಟರು ಶುಕ್ರವಾರ ಹೇಳಿದ್ದನ್ನ ಅವರು ಹೇಳಿದ ಹಾಗೇ ಬರೀತೀನಿ, ಒಂದು ಪದ ಹೆಚ್ಚಿಲ್ಲ, ಕಮ್ಮಿ ಇಲ್ಲ. ಬಲಗಡೆಯ ಗಾಯ ಮುಚ್ಚಿಕೊಳ್ತಿದೆ. ಎಂಟು ವಾರದಿಂದ ಕಫದಲ್ಲಿ ಕ್ರಿಮಿ ಸಿಕ್ಕಿಲ್ಲ. ಗಾಳಿ ಹಾಕೋದನ್ನ ಇನ್ನೂ ಎರಡು ವರ್ಷ ಬಿಡೋ ಹಾಗಿಲ್ಲ. ಎಲ್ಲ ಹೀಗೇ ಇದ್ರೆ ಚಳಿಗಾಲದ ಒಳಗೆ ಮನೆಗೆ ಕಳಿಸಬಹುದು. ಹೀಗೇ ಇರದೆಯೂ ಇರಬಹುದು, ತಿರುಗಿ ಕೆದರಬಹುದು, ಅದನ್ನ ಯಾರೂ ಮೊದಲೇ ಹೇಳೋಕಾಗಲ್ಲ. 'ನೀವು ಜೂನ್‌ನಲ್ಲಿ ಹೇಳಿದ್ರಲ್ಲ' ಅಂದೆ. ಆತ ಎದುರು ಕೂತು, 'ತಪ್ಪು ಹೇಳಿದೆ, ಮಿಸೆಸ್ ಸ್ಟಾಂಟನ್. ತಪ್ಪು ಹೇಳಿದ್ದಕ್ಕೆ ಇಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ' ಅಂದ್ರು. ಡಾಕ್ಟರ ಕೋಣೆ ಬಿಟ್ಟು ಬಂದು ಬಟ್ಟೆ ಒಗೆಯೋ ಮನೆಯಲ್ಲಿ, ಬಾಯ್ಲರ್ ಹಿಂದೆ ನಿಂತು ಅತ್ತೆ. ಆ ಸದ್ದಿನಲ್ಲಿ ಯಾರಿಗೂ ಕೇಳಿಸಲ್ಲ.

ಹೆದರಿಕೆ ಹೋಗಿಲ್ಲ ನೆಡ್. ಅವಳು ಗಂಟಲು ಸರಿಮಾಡಿಕೊಂಡ್ರೂ ನನ್ನ ಜೀವ ಬಾಯಿಗೆ ಬರುತ್ತೆ. ಇನ್ನು ಬದುಕಿರೋವರೆಗೂ ಹೀಗೇ ಅಂತ ಕಾಣುತ್ತೆ. ಜೂನ್‌ನಿಂದ ನವೆಂಬರ್‌ವರೆಗೆ ನೀನು ಇದನ್ನ ಒಬ್ಬನೇ ಹೊತ್ತುಕೊಂಡಿದ್ದೆ, ನನ್ನ ಎದುರಿಗೆ ಕೂತುಕೊಂಡು. ನಾನು ಬರೀ ನನಗೆ ಮೋಸ ಆಯ್ತು ಅಂತಲೇ ನೋಡಿದೆ. ಅದು ಮೋಸವೇ, ಅಲ್ಲ ಅಂತ ನಾನು ಹೇಳಲ್ಲ. ಆದ್ರೆ ಈಗ ನನಗೂ ಅದರ ಭಾರ ಎಷ್ಟು ಅಂತ ಗೊತ್ತಾಗಿದೆ.

ನಾನೂ ಅವಳಿಗೆ ಸುಳ್ಳು ಹೇಳಿದೆ. ಗಾಳಿ, ಅಲೆ, ದೋಣಿ ರಿಪೇರಿ. ಮೊನ್ನೆ ಅವಳೇ, 'ಅಮ್ಮಾ, ನಮ್ಮ ದೋಣೀಲಿ ರಿಪೇರಿ ಮಾಡೋಕೆ ಇನ್ನು ಹಲಗೆ ಉಳಿದಿದೆಯಾ?' ಅಂದ್ಲು. ಆಮೇಲೆ, 'ಅಪ್ಪನ ಮೇಲೆ ನಂಗೆ ಸಿಟ್ಟಿಲ್ಲ. ನಿಂಗಿದ್ರೆ ಅದು ನಿನ್ನ ಸಿಟ್ಟು, ನನ್ನ ಹೆಸರಲ್ಲಿ ಇಟ್ಕೋಬೇಡ' ಅಂದ್ಲು. ಯಾರ ನಾಲಿಗೆ ಬಂತೋ ಅವಳಿಗೆ.

ಮೇ ಒಂದನೇ ತಾರೀಕು ಶನಿವಾರ, ಭೇಟಿ ದಿನ. ಹತ್ತೂವರೆ ರೈಲಿಗೆ ಬಾ. ಹೊಗೆ ಹಾಕಿದ ಹೆರಿಂಗ್ ಒಂದು ಆರು ತಗೊಂಡು ಬಾ. ಹಾಲು ಗಂಜಿ ತಿಂದು ತಿಂದು ಅವಳ ನಾಲಿಗೆ ಸತ್ತುಹೋಗಿದೆಯಂತೆ. ಜಗುಲಿಯೆಲ್ಲ ವಾಸನೆ ಹೊಡೆಯುತ್ತೆ ಅಂತ ಮೇಟ್ರನ್ ಮುಖ ಸಿಂಡರಿಸಿ, ಆಮೇಲೆ ತನಗೊಂದು ಎತ್ತಿಡಿ ಅಂದಿದ್ದಾಳೆ.

ನಿನ್ನ ಕೋಟು ಸರಿಮಾಡಿ ಇಡೋಕೆ ನಾನು ಅಲ್ಲಿಲ್ಲ, ಮಾರ್ಗರಿಯನ್ನ ಕೇಳು, ಬ್ರಷ್ ಹಾಕಿಕೊಡ್ತಾಳೆ. ಗಡ್ಡ ಬೋಳಿಸಿಕೊಂಡು ಬಾ. ಬಾಗಿಲಲ್ಲೇ ಎದೆ ಉಬ್ಬಿಸಿಕೊಂಡು, ಏನೂ ಆಗಿಲ್ಲ ಅನ್ನೋ ಮುಖ ಹಾಕಿಕೊಂಡು ನಿಲ್ಲಬೇಡ. ಅಳು ಬಂದ್ರೆ ಅಳು. ಅಪ್ಪ ಅಳೋದನ್ನ ತಾನು ಒಂದು ಸಲವೂ ನೋಡಿಲ್ಲ, ನೋಡಬೇಕು ಅಂತಿದ್ದಾಳೆ.

ನಾನು ಗೇಟಿನ ಹತ್ರ ಇರ್ತೀನಿ.

ನಿನ್ನ
ವಿನಿ